ನಿಂಬೆತೋಟದ ಮೇಲೆ ಬಿದ್ದ ಉಪ್ಪು

ಯುದ್ಧದ ವರ್ಷಗಳ ಒಂದು ಮಾಗಿಯಲ್ಲಿ ಹಾಸನದ ನಮ್ಮ ವಾರಪತ್ರಿಕೆಯ ಕಚೇರಿಗೆ ಹೊಳೆನರಸೀಪುರದ ಕಡೆಯಿಂದ ಒಂದು ಕಾಗದ ಬಂತು. ಬರೆದವರು ಆ ಪಟ್ಟಣದಿಂದ ಮೂರು ಮೈಲಿ ದೂರದ ಹಳ್ಳಿಯ ಜಮೀನುದಾರರು. ತಮ್ಮ ನಿಂಬೆತೋಟಕ್ಕೆ ಊರಿನ ನೀರುಗಂಟಿ ಉಪ್ಪು ಹಾಕಿದ್ದಾನೆ, ಒಂದೇ ರಾತ್ರಿಯಲ್ಲಿ ತೋಟದ ಎಲೆಯೆಲ್ಲ ಬೆಂದುಹೋಗಿದೆ, ಮುಂದಿನ ಬುಧವಾರ ಅಮಲ್ದಾರರು ವಿಚಾರಣೆಗೆ ಬರುತ್ತಾರೆ, ಅದಕ್ಕೆ ಮುಂಚೆ ಇದು ಪತ್ರಿಕೆಯಲ್ಲಿ ಬರಬೇಕು ಎಂದು ಅದರಲ್ಲಿತ್ತು.

ನೀರುಗಂಟಿ ಎಂದರೆ ಕೆರೆಯ ತೂಬನ್ನು ತೆಗೆದು ಮುಚ್ಚಿ, ಯಾರ ಜಮೀನಿಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಅದು ಅಪ್ಪನಿಂದ ಮಗನಿಗೆ ಬರುವ ಕೆಲಸ. ಈ ಆಪಾದನೆ ನಿಂತರೆ ಆ ಕೆಲಸ ಹೋಗುತ್ತದೆ, ಕೆಲಸಕ್ಕೆಂದು ಬಿಟ್ಟಿರುವ ತುಂಡು ಗದ್ದೆ ಹೋಗುತ್ತದೆ, ವಿಷವಿಕ್ಕಿದವನೆಂಬ ಹೆಸರು ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಸಂಪಾದಕರು ಕಾಗದವನ್ನು ಎರಡು ಸಲ ಓದಿ ನನ್ನ ಕಡೆಗೆ ತಳ್ಳಿದರು. ಅವರದೊಂದು ನಿಯಮವಿತ್ತು: ಕಣ್ಣಾರೆ ಕಂಡವರು ಇಬ್ಬರು ಬೇಕು, ಆ ಇಬ್ಬರೂ ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿ ಹೇಳುವವರಾಗಿರಬಾರದು.

"ಹೋಗಿ ಬಾ. ಯಾರನ್ನೂ ನಂಬಬೇಡ. ಕಾಗದ ಬರೆದವನನ್ನಂತೂ ನಂಬಲೇಬೇಡ" ಎಂದರು.

ಆ ವಾರ ಚಳಿ ಹೆಚ್ಚಾಗಿತ್ತು. ಮುದ್ರಣದ ಮಸಿ ಡಬ್ಬದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅಚ್ಚಿನ ಮನೆಯ ಹಿರಿಯ ಕೆಲಸಗಾರ ಅದನ್ನು ಕೆಂಡದ ಬಾಣಲೆಯ ಪಕ್ಕದಲ್ಲಿಟ್ಟು, ಸ್ವಲ್ಪ ಅಗಸೆ ಎಣ್ಣೆ ಬೆರೆಸಿ, ಬೈದುಕೊಳ್ಳುತ್ತ ಕಲಸುತ್ತಿದ್ದ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಆಗ ನನಗೆ ಅದು ಹೊಳೆದಿರಲಿಲ್ಲ.

ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ನಡೆದು ಹಳ್ಳಿ ಸೇರಿದಾಗ ಬಿಸಿಲು ಏರಿತ್ತು. ಜಮೀನುದಾರರು ಸುಮಾರು ಐವತ್ತರ ಮನುಷ್ಯ, ಕೊರಳಿಗೆ ಉಣ್ಣೆಯ ವಸ್ತ್ರ ಸುತ್ತಿದ್ದರು. ಮಾತಿಗಿಂತ ಮೊದಲು ತೋಟಕ್ಕೆ ಕರೆದುಕೊಂಡು ಹೋದರು.

ತೋಟ ಕೆರೆಯ ಏರಿಯ ಕೆಳಗೆ, ತಗ್ಗಿನಲ್ಲಿತ್ತು. ನಾನು ಅಂಥ ತೋಟವನ್ನು ಹಿಂದೆ ಕಂಡಿರಲಿಲ್ಲ. ಎಲೆಗಳು ಉದುರಿರಲಿಲ್ಲ. ಬಿಸಿನೀರು ಎರಚಿದ ಸೊಪ್ಪಿನಂತೆ ಜೋತುಬಿದ್ದು ಕಂದಾಗಿದ್ದವು. ಚಿಗುರಂತೂ ಕಪ್ಪಾಗಿತ್ತು. ಕಾಲುವೆಯ ಆಚೆಗೆ ಇನ್ನೊಂದು ನಿಂಬೆತೋಟವಿತ್ತು. ಅದು ಚನ್ನರಾಯಪಟ್ಟಣದ ಜೈನ ಬಟ್ಟೆ ವ್ಯಾಪಾರಿಗಳ ಮನೆತನದ್ದು; ಅವರು ವರ್ಷಕ್ಕೆ ಎರಡು ಸಲ ಬಂದು ನೋಡಿ ಹೋಗುವವರು. ಆ ತೋಟ ಹಸಿರಾಗಿ ನಿಂತಿತ್ತು.

"ನೋಡಿ ಸ್ವಾಮಿ" ಎಂದರು ಜಮೀನುದಾರರು. "ನೀರುಗಂಟಿ ಬುಟ್ಟ ನೀರು ಎಲ್ಲೆಲ್ಲಿ ಅರೀತೋ ಅಲ್ಲೆಲ್ಲ ಸುಟ್ಟೋಗದೆ. ಅವನ ನೀರು ಓಗದೇ ಇರೋ ತ್ವಾಟ ಅಂಗೇ ಅದೆ. ಇನ್ನೇನು ಸಾಕ್ಷಿ ಬೇಕು?"

ನಾನು ಬರೆದುಕೊಂಡೆ. ಒಳ್ಳೆಯ ಸಾಕ್ಷಿ ಎಂದು ಒಪ್ಪಬೇಕಾಗಿತ್ತು. ಅಷ್ಟು ಒಳ್ಳೆಯದಾಗಿದ್ದರಿಂದಲೇ ನನಗೆ ಅನುಮಾನ ಬಂತು.

"ಅವನಿಗೆ ನಿಮ್ಮ ಮೇಲೆ ಏನು ಹಗೆ?"

"ಇನ್ನೊಂದು ದಪ ನೀರು ಬುಡು ಅಂದೆ. ಆಗಾಕಿಲ್ಲ ಅಂದ. ನಾನೂ ಒಂದೆರಡು ಮಾತು ಅಂದೆ. ಅದಕ್ಕೇ."

"ಉಪ್ಪು ಎಂದು ಹೇಗೆ ಗೊತ್ತಾಯಿತು?"

ಅವರು ಏರಿಯ ಕಡೆ ಕೈ ತೋರಿಸಿ, ಸಗಣಿ ಎತ್ತುವ ಅಜ್ಜಿಯೊಬ್ಬಳನ್ನು ಕೂಗಿ ಕರೆದರು. ಅಜ್ಜಿ ಬುಟ್ಟಿ ಇಳಿಸಿ, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಪೊಲೀಸಿನೋರಾ?"

"ಪೇಪರಿನವರು ಕಣಮ್ಮ" ಎಂದರು ಜಮೀನುದಾರರು.

"ಅಂಗಾದ್ರೆ ಏಳ್ತೀನಿ. ಒತ್ತು ಮೂಡೋ ಒತ್ನಲ್ಲಿ ಬಂದೆ ಕಣಪ್ಪ. ಏರಿ ಕೆಳಗಡೆ ಉಲ್ಲಿನ ಮ್ಯಾಲೆಲ್ಲ ಬೆಳ್ಳಗೆ ಉಪ್ಪು ಚೆಲ್ಲಿದ್ರು. ಕಾಲಿಕ್ಕಿದ್ರೆ ಕರಕರ ಅಂತಿತ್ತು. ನನ್ನ ಈ ವಯಸ್ನಲ್ಲಿ ಅಂಗೆ ಕಂಡಿರ್ಲಿಲ್ಲ."

"ಬಾಯಿಗೆ ಹಾಕಿ ನೋಡಿದೆಯಾ?"

"ಯಾರೋ ಮಂತ್ರಿಸಿ ಚೆಲ್ಲಿದ್ದು ಬಾಯ್ಗಾಕೊಳ್ಳಾಕೆ ನಂಗೇನು ಜೀವ ಎಚ್ಚಾಗೈತಾ?"

"ಈಗ ಎಲ್ಲಿ ಆ ಉಪ್ಪು?"

"ಬಿಸ್ಲು ಬಂತು, ಕರಗೋಯ್ತು. ಉಪ್ಪು ಅಲ್ವಾ, ಕರಗ್ದೇ ಇರ್ತದಾ?"

ಅಜ್ಜಿ ಸುಳ್ಳು ಹೇಳುವವಳಂತೆ ಕಾಣಲಿಲ್ಲ. ಕಂಡದ್ದನ್ನೇ ಹೇಳಿದ್ದಳು. ಆದರೆ ಒಂದು ಲೆಕ್ಕ ನನಗೆ ಸರಿಹೋಗಲಿಲ್ಲ. ಅವಳು ಕೈ ಬೀಸಿ ತೋರಿಸಿದಷ್ಟು ಜಾಗಕ್ಕೆ ಉಪ್ಪು ಚೆಲ್ಲಬೇಕಾದರೆ ಗಾಡಿಗಟ್ಟಲೆ ಉಪ್ಪು ಬೇಕು. ಯುದ್ಧಕಾಲದಲ್ಲಿ ಅಡುಗೆಗೇ ಉಪ್ಪು ಸಿಗುವುದು ಕಷ್ಟವಾಗಿತ್ತು. ಗಾಡಿಯಲ್ಲಿ ಉಪ್ಪು ತಂದವನನ್ನು ಊರು ಮರೆಯುವುದಿಲ್ಲ. ಇಲ್ಲಿ ಗಾಡಿಯನ್ನು ಕಂಡವರೇ ಇರಲಿಲ್ಲ.

ಕಾಗದದಲ್ಲಿ ಇನ್ನೊಂದು ಮಾತು ಬಿಟ್ಟುಹೋಗಿತ್ತು. ಆ ಕಡೆಯ ಕೆರೆಗಳಲ್ಲಿ ದೀಪಾವಳಿಯ ನಂತರ ತೋಟಗಳಿಗೆ ತೂಬು ತೆಗೆಯುವುದಿಲ್ಲ. ಉಳಿದ ನೀರು ಬೇಸಿಗೆಯಲ್ಲಿ ದನಕರುಗಳಿಗೆ ಬೇಕು. ತೋಟದವರೂ ಅದನ್ನು ಒಪ್ಪಿಕೊಂಡಿದ್ದರು. ದೀಪಾವಳಿಯ ದೀಪ ಹಚ್ಚಿದ ಮೇಲೆ ನಿಂಬೆಗೆ ನೀರು ತೋರಿಸಬಾರದು ಎಂಬುದು ಹಳಬರ ಮಾತಾಗಿತ್ತು. ದೀಪಾವಳಿ ಕಳೆದು ಎರಡು ತಿಂಗಳಾಗಿತ್ತು. ಹಾಗಿದ್ದರೆ ಈ ತೋಟಕ್ಕೆ ಹರಿದದ್ದು ಯಾವ ನೀರು? "ಇನ್ನೊಂದು ದಪ" ಎಂದರೆ ಅದಕ್ಕೆ ಮುಂಚಿನ ದಪಗಳು ಯಾವಾಗ?

ಕೇಳಿದೆ. ಜಮೀನುದಾರರು ಉಣ್ಣೆಯ ವಸ್ತ್ರವನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ನಮ್ಮ ಪಾಳಿ ನೀರು" ಎಂದಷ್ಟೇ ಹೇಳಿದರು.

ನೀರುಗಂಟಿಯ ಮನೆಗೆ ಒಬ್ಬನೇ ಹೋದೆ. ಜಗಲಿಯ ಮೇಲೆ ಕುಳಿತಿದ್ದ ಅವನು ಎದ್ದು ನಿಂತ. ನೀರುಗಂಟಿ ಕೆಲಸದ ಗುದ್ದಲಿ ಗೋಡೆಗೆ ಒರಗಿತ್ತು. ಅದರ ಕಾವು ಮೂರು ತಲೆಮಾರಿನ ಅಂಗೈಗಳಿಂದ ಸವೆದು ನಡುವೆ ಸಣ್ಣಗಾಗಿತ್ತು. ಒಳಗೆ ಎಳೆಗೂಸು ಅಳುತ್ತಿತ್ತು.

"ಉಪ್ಪು ನೀನು ಹಾಕಿದೆಯಾ?"

"ಇಲ್ಲ ಬುದ್ದಿ."

"ತೋಟಕ್ಕೆ ನೀರು ಯಾವಾಗ ಬಿಟ್ಟೆ?"

ಅವನು ಗುದ್ದಲಿಯನ್ನು ಎತ್ತಿ ಮೂಲೆಗೆ ಸರಿಸಿದ. ಮತ್ತೆ ಕೇಳಿದೆ. ಉತ್ತರ ಬಂದದ್ದು ಬಾಗಿಲ ಮರೆಯಿಂದ, ಅವನ ಹೆಂಡತಿಯದು.

"ಏಳ್ಬಾರ್ದಾ? ಬಾಯಿಗೇನು ಬೀಗ ಆಕಿದ್ದಾರಾ?"

"ನೀ ಸುಮ್ಕಿರು" ಎಂದ.

"ಸುಮ್ಕಿದ್ದೇ ಇಲ್ಲೀಗಂಟ ಬಂದಿರೋದು. ಬುದ್ದಿ, ಮಗಳಿಗೆ ಎರಿಗೆ ಬ್ಯಾನೆ ಬಂದು ಎರಡು ದಿನ ಆದ್ರೂ ಕೂಸು ಇಳೀಲಿಲ್ಲ. ಆ ನಿಂಬೆ ತ್ವಾಟದೋರೇ ಗಾಡಿ ಕಟ್ಟಿಸಿ ಆಸನದ ಆಸ್ಪತ್ರೆಗೆ ಕಳಿಸುದ್ರು. ಮಗಳೂ ಉಳಿದ್ಲು, ಕೂಸೂ ಉಳೀತು. ಆಮೇಲೆ ಬಂದು ನೀರು ಕೇಳುದ್ರು. ಇಲ್ಲ ಅನ್ನಾಕೆ ಎಂಗಾಯ್ತದೆ?"

ನೀರುಗಂಟಿ ಹೆಂಡತಿಯನ್ನು ತಡೆಯಲಿಲ್ಲ. ಅವಳ ಮಾತು ಮುಗಿದ ಮೇಲೆ ನಿಧಾನವಾಗಿ ಹೇಳಿದ: "ಮೂರು ದಪ ಬುಟ್ಟೆ. ನಾಕನೇದು ಬುಡ್ನಿಲ್ಲ. ಕೆರೇಲಿ ದನ ಕುಡಿಯಾಕೆ ಬೇಕಲ್ಲ. ಇದನ್ನ ಬರೀಬ್ಯಾಡಿ ಬುದ್ದಿ. ತೂಬು ಮುಚ್ಚಿದ ಮ್ಯಾಲೆ ಕದ್ದು ನೀರು ಬುಟ್ಟೋನಿಗೆ ಗುದ್ದಲಿ ಉಳಿಯಾಕಿಲ್ಲ."

ಅವನ ಇಕ್ಕಟ್ಟು ಆಗ ನನಗೆ ಪೂರ್ತಿ ತಿಳಿಯಿತು. ನೀರು ಬಿಟ್ಟಿಲ್ಲ ಎಂದರೆ ಸುಳ್ಳು. ಬಿಟ್ಟೆ ಎಂದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಉಪ್ಪು ಹಾಕಿದವನಾಗುತ್ತಾನೆ. ಅವನು ಹೇಳುವುದಿಲ್ಲ ಎಂದು ಜಮೀನುದಾರರಿಗೂ ಗೊತ್ತಿತ್ತೆಂದು ನನಗೆ ಅನ್ನಿಸಿತು. ಅದು ಅನ್ನಿಸಿಕೆ ಮಾತ್ರ, ಹಾಗೆಂದೇ ಬರೆದುಕೊಂಡೆ.

ಹೊರಡುವಾಗ ಅವನು ಇನ್ನೊಂದು ಸಂಗತಿ ಹೇಳಿದ. "ಅಮಾಸೆ ಅಮಾಸೆಗೂ ಪ್ಯಾಟೆ ಐಸ್ಕೂಲಿನ ಸೈನ್ಸು ಮೇಷ್ಟ್ರು ಬತ್ತಾರೆ. ಎರಡೂ ತ್ವಾಟದಾಗೆ ಎಲೆ ಕುಯ್ಕೊಂಡು ಓಯ್ತಾರೆ. ಗಿಡಕ್ಕೆ ದಾರ ಕಟ್ಟವ್ರೆ. ನಂಗೇನೋ ಅವರ ಮ್ಯಾಲೇ ಅನುಮಾನ."

ಅಮಾವಾಸ್ಯೆ, ನಿಂಬೆ, ದಾರ. ಇಷ್ಟು ಸೇರಿದರೆ ಆ ಕಾಲದಲ್ಲಿ ಯಾವ ಊರಾದರೂ ಒಂದೇ ಮಾತು ಹೇಳುತ್ತಿತ್ತು. ಮಾಟದಲ್ಲಿ ನನಗೆ ನಂಬಿಕೆಯಿರಲಿಲ್ಲ. ಆದರೆ ಎರಡೂ ತೋಟಗಳಿಗೆ ತಿಂಗಳು ತಿಂಗಳೂ ಹೋಗುತ್ತಿದ್ದವನು, ಶಾಲೆಯ ಔಷಧದ ಸೀಸೆಗಳು ಕೈಗೆ ಸಿಗುವವನು ಅವನೊಬ್ಬನೇ. ಅಂದು ಸಂಜೆಯೇ ಹೊಳೆನರಸೀಪುರಕ್ಕೆ ಮರಳಿ, ಪ್ರೌಢಶಾಲೆಯ ವಿಜ್ಞಾನದ ಮೇಷ್ಟರ ಮನೆ ಹುಡುಕಿದೆ.

ನಡುವಯಸ್ಸಿನ, ಬಡಕಲು ಮೈಯ ಮೇಷ್ಟರು ನನ್ನ ಪ್ರಶ್ನೆ ಕೇಳಿ ನಗಲೂ ಇಲ್ಲ, ಕೋಪಿಸಿಕೊಳ್ಳಲೂ ಇಲ್ಲ.

"ಅಮಾವಾಸ್ಯೆಯೇ ಯಾಕೆ?" ಎಂದು ಕೇಳಿದೆ.

"ಅಮಾವಾಸ್ಯೆ ದಿನ ನೇಗಿಲು ಕಟ್ಟೋದಿಲ್ಲ. ತೋಟದಲ್ಲಿ ಯಾರಾದರೂ ಬಿಡುವಾಗಿ ಸಿಗ್ತಾರೆ, ಗಿಡ ತೋರಿಸ್ತಾರೆ. ದಾರ ಕಟ್ಟಿರೋದು ಪ್ರತಿ ಸಲ ಅದೇ ಗಿಡ ಗುರುತು ಸಿಗಲಿ ಅಂತ. ಇಷ್ಟಕ್ಕೆ ನನ್ನನ್ನ ಮಂತ್ರವಾದಿ ಮಾಡಿದ್ರಾ?"

"ಎಲೆ ಏನು ಮಾಡುತ್ತೀರಿ?"

ಅವರು ನನ್ನ ಕೈಯಲ್ಲಿದ್ದ ನಮ್ಮದೇ ಪತ್ರಿಕೆಯ ಹಾಳೆ ಕೇಳಿ, ಅದರ ಅಂಚಿನಲ್ಲಿ ಒಂದು ನಿಂಬೆ ಎಲೆಯನ್ನು ಕಲ್ಲಿನಿಂದ ಜಜ್ಜಿದರು. ಘಮ್ಮೆಂದಿತು. ಕಾಗದದ ಮೇಲೆ ಕಲೆ ಮೂಡಿತು. "ಕಾಯಿರಿ" ಎಂದರು. ಸ್ವಲ್ಪ ಹೊತ್ತಿನಲ್ಲಿ ವಾಸನೆ ಹೋಯಿತು, ಕಲೆ ಕುಗ್ಗಿತು, ಆದರೆ ನಡುವೆ ಒಂದು ಜಿಡ್ಡಿನ ಗುರುತು ಉಳಿಯಿತು.

"ಹಾರಿಹೋದದ್ದು ವಾಸನೆಯ ಎಣ್ಣೆ. ಉಳಿದದ್ದು ಎಲೆಯ ಕೊಬ್ಬು. ನನಗೆ ಬೇಕಾದದ್ದು ಎರಡನೆಯದು."

ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಈಥರಿನಲ್ಲಿ ನೆನೆಸಿ, ಈಥರು ಆರಿಹೋದ ಮೇಲೆ ಸೀಸೆಯ ತಳದಲ್ಲಿ ಉಳಿಯುವ ಹಸಿರು ಜಿಡ್ಡನ್ನು ಅವರು ತೂಗಿ ಇಡುತ್ತಿದ್ದರು. ಗೂಡಿನಲ್ಲಿ ಸೀಸೆಗಳು ಸಾಲಾಗಿದ್ದವು: ಆಷಾಢದಿಂದ ಮಾರ್ಗಶಿರದವರೆಗೆ, ತಿಂಗಳಿಗೆ ಎರಡು. ಒಂದು ಜಮೀನುದಾರರ ತೋಟದ್ದು, ಒಂದು ಜೈನರ ತೋಟದ್ದು. ಯಾರೂ ಅವರಿಗೆ ಈ ಕೆಲಸ ಹೇಳಿರಲಿಲ್ಲ. ಅರಕಲಗೂಡಿನ ಅವರ ಮಾವನ ಮನೆಯಲ್ಲಿ ಒಂದು ಮಾಗಿಯಲ್ಲಿ ಹೇರಳೆ ಗಿಡ ಒಣಗಿ, ಪಕ್ಕದ ಕಿತ್ತಳೆ ಉಳಿದದ್ದು ಯಾಕೆಂದು ತಿಳಿಯಬೇಕೆಂಬ ಹಟದಿಂದ ಶುರುಮಾಡಿದ್ದರು.

"ನಿಮ್ಮ ಮನೇಲಿ ಈಗ ಕೊಬ್ಬರಿ ಎಣ್ಣೆ ಹೇಗಿದೆ?" ಎಂದು ಕೇಳಿದರು.

"ಗಟ್ಟಿಯಾಗಿದೆ. ಬಿಸಿಲಿಗಿಡಬೇಕು."

"ಹುಚ್ಚೆಳ್ಳೆಣ್ಣೆ?"

"ಸುರಿಯುತ್ತದೆ."

"ಚಳಿ ಒಂದೇ, ಎಣ್ಣೆ ಬೇರೆ. ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಣೆಗಳಿವೆ. ಅವುಗಳ ಗೋಡೆಯಲ್ಲಿ ಈ ಜಿಡ್ಡಿದೆ. ಮಳೆಗಾಲದ ಎಲೆಯ ಜಿಡ್ಡು ಕೊಬ್ಬರಿ ಎಣ್ಣೆಯ ಜಾತಿ. ಗಿಡಕ್ಕೆ ನೀರು ಬರೋದು ನಿಂತು, ಚಿಗುರೋದು ನಿಂತು, ದಿನ ದಿನಕ್ಕೆ ಚಳಿ ಏರಿದರೆ, ಎಲೆ ತನ್ನ ಜಿಡ್ಡನ್ನು ನಿಧಾನವಾಗಿ ಬದಲಿಸಿಕೊಳ್ಳುತ್ತೆ ಅಂತ ನನ್ನ ಊಹೆ. ಮಾಗಿಯ ಹೊತ್ತಿಗೆ ಹುಚ್ಚೆಳ್ಳೆಣ್ಣೆಯ ಜಾತಿಗೆ ಹತ್ತಿರವಾಗುತ್ತೆ. ಗೋಡೆ ಚಳಿಗೆ ಬಿರಿಯೋದಿಲ್ಲ. ನೀರು ಕುಡಿದು ಚಿಗುರುತ್ತಲೇ ಇರುವ ಗಿಡಕ್ಕೆ ಆ ಪುರುಸೊತ್ತು ಸಿಗೋದಿಲ್ಲ."

ನನಗೆ ಅಚ್ಚಿನ ಮನೆಯ ಮಸಿಯೂ ಅದಕ್ಕೆ ಬೆರೆಸಿದ ಅಗಸೆ ಎಣ್ಣೆಯೂ ನೆನಪಾದವು.

ಅವರು ಮಾರ್ಗಶಿರದ ಎರಡು ಸೀಸೆಗಳನ್ನು ತೆಗೆದರು. ಬೋಗುಣಿಯ ನೀರಿಗೆ ಪಟಾಕಿಯ ಮದ್ದಿಗೆ ಬಳಸುವ ಪೆಟ್ಲುಪ್ಪು ಹಾಕಿ ಕಲಕಿದರು. ನೀರು ಕೈ ಜುಮ್ಮೆನ್ನುವಷ್ಟು ತಣ್ಣಗಾಯಿತು. ಸೀಸೆಗಳನ್ನು ಅದರಲ್ಲಿ ಮುಳುಗಿಸಿ, ಹೊತ್ತು ನೋಡಿ ತೆಗೆದು ವಾಲಿಸಿದರು. ಜಮೀನುದಾರರ ತೋಟದ ಜಿಡ್ಡು ತಳಕ್ಕೆ ಅಂಟಿ ಕದಲಲಿಲ್ಲ. ಜೈನರ ತೋಟದ್ದು ನಿಧಾನವಾಗಿ ಜಾರಿತು.

ಮೇಷ್ಟರೇ ತಲೆಯಾಡಿಸಿದರು. "ಇದು ಸಾಕ್ಷಿ ಅಲ್ಲ. ಎರಡು ಸೀಸೆ, ಒಂದು ಸಲ. ಇದನ್ನ ನೀವು ಅಚ್ಚು ಹಾಕಿದರೆ ನಾನು ಹೇಳಿಲ್ಲ ಅಂತೀನಿ."

ನಾನು ಅವರನ್ನು ನಂಬಲು ಶುರುಮಾಡಿದ್ದು ಆ ಮಾತಿನಿಂದ.

"ಅಜ್ಜಿ ಕಂಡ ಉಪ್ಪು?"

"ಹೆಪ್ಪುಗಟ್ಟಿದ ಇಬ್ಬನಿ. ನಾನೂ ಪುಸ್ತಕದಲ್ಲಿ ಓದಿದ್ದೇನೆ, ಕಂಡಿಲ್ಲ. ನಮ್ಮ ಕಡೆ ಒಂದು ಜನ್ಮದಲ್ಲಿ ಒಂದು ಸಲ ಬಿದ್ದರೂ ಹೆಚ್ಚು. ತಗ್ಗಿನಲ್ಲಿ, ಗಾಳಿಯಿಲ್ಲದೆ, ಆಕಾಶ ತೆರೆದಿದ್ದ ರಾತ್ರಿ. ನಾಳೆ ಬರ್ತೀನಿ, ಮಣ್ಣು ನೋಡೋಣ."

ಮಾರನೆಯ ದಿನ ಅವರು ತೋಟದ ಮೂರು ಕಡೆಯಿಂದ ಮಣ್ಣು ತೆಗೆದು, ನೀರಿನಲ್ಲಿ ಕದಡಿ, ಸೋಸಿ, ಬಾಣಲೆಯಲ್ಲಿ ಬತ್ತಿಸಿದರು. ಉಪ್ಪು ಉಳಿಯಲಿಲ್ಲ. ಜಮೀನುದಾರರು "ಬೇರಿಗೆ ಇಳಿದೋಗಿರ್ತದೆ" ಎಂದರು. ನೀರು ಹೋದ ಕಡೆಯೆಲ್ಲ ಸುಟ್ಟಿದೆ ಎಂಬ ಮಾತು ಇನ್ನೂ ಹಾಗೇ ನಿಂತಿತ್ತು. ಮೇಷ್ಟರ ವಾದಕ್ಕೂ ಅದು ಸರಿಹೊಂದುತ್ತಿತ್ತು, ಜಮೀನುದಾರರ ವಾದಕ್ಕೂ ಸರಿಹೊಂದುತ್ತಿತ್ತು.

ನಾನು ಕಾಲುವೆ ಹಿಡಿದು ಪ್ರತಿ ಸಾಲನ್ನೂ ನಡೆದು ನೋಡಿದೆ. ಸುದ್ದಿಮನೆಯಲ್ಲಿ ಕಲಿತದ್ದು ಅಷ್ಟೆ: ಎಲ್ಲರೂ ತೋರಿಸುವ ಕಡೆ ನೋಡಿದ ಮೇಲೆ, ಯಾರೂ ತೋರಿಸದ ಕಡೆಯನ್ನೂ ನೋಡುವುದು. ತೋಟದ ಮೂಲೆಯಲ್ಲಿ ದೊಡ್ಡದೊಂದು ಹೊಂಗೆಮರ ಕೊಂಬೆ ಚಾಚಿತ್ತು. ಅದರ ಅಡಿಯಲ್ಲಿ ಐದು ನಿಂಬೆಗಿಡಗಳಿದ್ದವು. ನೆರಳಿಗೆ ಬಡಕಲಾಗಿದ್ದರಿಂದ ಯಾರೂ ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಾತಿಯಲ್ಲಿ ನೀರು ನಿಂತ ಕೆಸರಿನ ಗುರುತು ಸ್ಪಷ್ಟವಾಗಿತ್ತು. ಗಿಡಗಳಲ್ಲಿ ಚಿಗುರಿತ್ತು. ಐದೂ ಹಸಿರಾಗಿದ್ದವು.

ಮೇಷ್ಟರನ್ನು ಕರೆದು ತೋರಿಸಿದೆ. ಅವರು ಮೊದಲು ಗಿಡ ನೋಡಿದರು, ಆಮೇಲೆ ತಲೆಯೆತ್ತಿ ಹೊಂಗೆಯ ಎಲೆಗಳನ್ನು ನೋಡಿದರು. "ಛತ್ರಿ" ಎಂದರು. ಅದೇ ನೀರು ಈ ಗಿಡಗಳಿಗೂ ಬಂದಿತ್ತು. ನೀರಿನಲ್ಲಿ ಬಂದ ಕೇಡಾಗಿದ್ದರೆ ಇವೂ ಸಾಯಬೇಕಾಗಿತ್ತು. ಕೇಡು ಮೇಲಿಂದ ಬಂದಿತ್ತು.

ಬುಧವಾರ ಅಮಲ್ದಾರರು ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಅಜ್ಜಿ ಉಪ್ಪಿನ ಮಾತು ಹೇಳಿದಳು. ಮೇಷ್ಟರು ಹೆಪ್ಪುಗಟ್ಟಿದ ಇಬ್ಬನಿಯ ಮಾತು ಹೇಳಿದಾಗ ಹಿಂದಿನಿಂದ ಯಾರೋ "ಅಮಾಸೆ ಮೇಷ್ಟ್ರು ಸುರು ಅಚ್ಕೊಂಡ್ರು ಕಣ್ಲಾ" ಎಂದದ್ದಕ್ಕೆ ನಗು ಎದ್ದಿತು. ಅಮಲ್ದಾರರು ನಗಲಿಲ್ಲ. ಎಲ್ಲರನ್ನೂ ನಡೆಸಿಕೊಂಡು ಹೊಂಗೆಯ ಅಡಿಗೆ ಬಂದರು. ಐದು ಗಿಡಗಳ ಎಲೆ ಮುಟ್ಟಿ ನೋಡಿದರು. ಪಾತಿಯ ಕೆಸರನ್ನು ಬೆತ್ತದಿಂದ ಕೆದಕಿದರು.

"ಉಪ್ಪಿನ ಮಾತು ಬಿಡಿ" ಎಂದರು. ನಂತರ, ನಾನು ಮೊದಲ ದಿನ ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು: "ದೀಪಾವಳಿ ಆದ ಮೇಲೆ ಈ ಪಾತಿಗೆ ನೀರು ಎಲ್ಲಿಂದ ಬಂತು?"

ಮೇಷ್ಟರು ನನ್ನ ಮುಖ ನೋಡಿದರು. ನೀರುಗಂಟಿಯನ್ನು ಉಳಿಸಲು ನಾವು ತೋರಿಸಿದ ಕೆಸರೇ ಅವನ ವಿರುದ್ಧ ಸಾಕ್ಷಿಯಾಗಿತ್ತು. ಇದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಜಮೀನುದಾರರು ಹೊಂಗೆಯ ಬುಡ ನೋಡುತ್ತಿದ್ದರು. ಮಳೆಯ ನೀರು, ಬಾವಿಯ ನೀರು ಎಂದು ಯಾರಾದರೂ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ.

"ನಾನೇ ಬುಟ್ಟೆ ಬುದ್ದಿ" ಎಂದ ನೀರುಗಂಟಿ. "ತೂಬು ಮುಚ್ಚಿದ ಮ್ಯಾಲೆ, ಮೂರು ದಪ."

"ಯಾರ ಅಪ್ಪಣೆ?"

ಅವನು ಜಮೀನುದಾರರ ಕಡೆ ತಿರುಗಲಿಲ್ಲ. "ತೂಬು ತೆಗೆಯೋನು ನಾನಲ್ವಾ ಬುದ್ದಿ. ಇಸ ಇಕ್ಕಿಲ್ಲ. ನೀರು ಬುಟ್ಟಿದ್ದು ದಿಟ."

ಅಮಲ್ದಾರರು ಇನ್ನೇನೂ ಕೇಳಲಿಲ್ಲ. ಗುಮಾಸ್ತೆ ಬರೆದುಕೊಂಡ. ಗುದ್ದಲಿ ಅಂದೇ ಅವನ ತಮ್ಮನ ಕೈಗೆ ಹೋಯಿತು, ತುಂಡು ಗದ್ದೆಯೂ ಅದರ ಜೊತೆಗೆ ಹೋಯಿತು.

ಹಾಸನಕ್ಕೆ ಬಂದು ಐದು ವಾಕ್ಯ ಬರೆದೆ. ನಿಂಬೆತೋಟದ ಹಾನಿಗೆ ಅತಿಯಾದ ಚಳಿಯೇ ಕಾರಣವೆಂದು ಕಂಡುಬಂದಿದೆ. ಉಪ್ಪಿನ ಆಪಾದನೆ ರುಜುವಾತಾಗಲಿಲ್ಲ. ಕಾಲ ಮೀರಿ ನೀರು ಬಿಟ್ಟಿದ್ದಕ್ಕಾಗಿ ನೀರುಗಂಟಿಯನ್ನು ಬದಲಿಸಲಾಗಿದೆ. ನೀರು ಬಿಟ್ಟದ್ದನ್ನು ಅವನೇ ಒಪ್ಪಿಕೊಂಡ. ನೀರು ಕೇಳಿದವರು ಯಾರೆಂದು ವಿಚಾರಣೆಯಲ್ಲಿ ತಿಳಿಯಲಿಲ್ಲ.

ಸಂಪಾದಕರು ಕೊನೆಯ ವಾಕ್ಯದ ಕೆಳಗೆ ಪೆನ್ಸಿಲು ಹಿಡಿದರು. "ಇದು ಸುದ್ದಿಯೋ, ಚುಚ್ಚುಮಾತೋ?"

"ನಡೆದದ್ದು."

"ನಿನಗೆ ಗೊತ್ತೇನು, ಯಾರು ಕೇಳಿದರು ಅಂತ?"

"ಒಬ್ಬಳು ಹೇಳಿದಳು. ಅವಳ ಗಂಡ ಬರೆಯಬೇಡಿ ಅಂದ."

ಅವರು ಪೆನ್ಸಿಲು ಎತ್ತಿದರು. ವಾಕ್ಯ ಉಳಿಯಿತು. ಮುಂದಿನ ವಾರ ಜಮೀನುದಾರರು ಪತ್ರಿಕೆ ತರಿಸುವುದನ್ನು ನಿಲ್ಲಿಸಿದರು.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗಿದ್ದೆ. ಜಮೀನುದಾರರ ತೋಟದ ಪಾತಿಗಳು ಒಣಗಿ ಬಿರುಕು ಬಿಟ್ಟಿದ್ದವು. ಅಂಚಿನುದ್ದಕ್ಕೂ ಮೊಳಕಾಲೆತ್ತರದ ಹೊಂಗೆಸಸಿಗಳನ್ನು ನೆಡಿಸಿದ್ದರು. ಅವರು ಏರಿಯ ಮೇಲೇ ಸಿಕ್ಕರು. ನಾನು ಸಸಿಗಳನ್ನು ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅವರೇ ಹೇಳಿದರು: "ಚಳಿ ಗಿಳಿ ಎಲ್ಲ ನಿಮ್ಮ ಮೇಷ್ಟ್ರ ಕತೆ. ಉಪ್ಪು ಬಿದ್ದಿತ್ತು. ನಾನು ಈಗ್ಲೂ ಅದನ್ನೇ ಏಳೋದು."

ಕಾಲುವೆಯ ಆಚೆ, ಜೈನರ ತೋಟದಲ್ಲಿ ಹಳೆಯ ನೀರುಗಂಟಿ ಕಳೆ ಕೀಳುತ್ತಿದ್ದ. ಜೈನರ ಮನೆಯವರು ಅವನನ್ನು ತೋಟ ಕಾಯಲು ಇಟ್ಟುಕೊಂಡಿದ್ದರು. ಎರಡು ಗಿಡಗಳ ನಡುವೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮೊಮ್ಮಗು ಮಲಗಿತ್ತು. ಗುದ್ದಲಿ ಹೋದದ್ದಕ್ಕೆ ಬೇಸರವೇ ಎಂದು ಕೇಳಿದೆ.

"ಇರಾಕಿಲ್ವಾ ಬುದ್ದಿ" ಎಂದ. "ಆದ್ರೆ ನೀರು ಕದ್ದೋನು ಅಂತಾರೆ. ಅದು ದಿಟ. ಇಸ ಇಕ್ಕಿದೋನು ಅನ್ನಾಕಿಲ್ಲ."

ಒಂದು ಗಿಡಕ್ಕೆ ಮೇಷ್ಟರ ದಾರ ಕಟ್ಟಿತ್ತು. ಅದು ತೊಗಟೆಗೆ ಬಿಗಿಯದಂತೆ ಯಾರೋ ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿದ್ದರು.